ಕುದುರೆ ಲಾಯ: ಯಾದಗಿರಿ ಸೀಮೆಯ ಕಡಿಮೆ ಖರ್ಚಿನ ಕಟ್ಟಡಗಳು

ಕುದುರೆಯನ್ನು ಕಟ್ಟಿ ಮೇಯಿಸಲು, ಬಿಸಿಲು ಮಳೆಗಳಿಂದ ಕಾಯಲು ಮಾಡಿದ ಆಸರೆಗೆ ಲಾಯವೆಂದು ಹೆಸರು. ಅರಮನೆಯ ಕಮಾನುಗಳ ಸಾಲು ಲಾಯದಿಂದ ಹಿಡಿದು ಹೊಲದ ಬದುವಿನಲ್ಲಿ ನಾಲ್ಕು ಕಂಬ ನೆಟ್ಟು ಹುಲ್ಲು ಹೊದಿಸಿದ ಚಪ್ಪರದವರೆಗೆ ಎಲ್ಲವೂ ಲಾಯವೇ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಇದನ್ನು ತಬೇಲಾ ಎಂದೂ ಕರೆಯುತ್ತಾರೆ. ಒಂದೇ ಕುದುರೆ ಇದ್ದವರು ಹೆಚ್ಚಾಗಿ ಬರೀ ಶೆಡ್ಡು ಎನ್ನುತ್ತಾರೆ. ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠದಿಂದ ಹೆಸರಾದ ಅಬ್ಬೆತುಮಕೂರು ಮತ್ತು ಅದರ ಸುತ್ತಲಿನ ನೆಲ, ಹವೆ, ಸಾಮಗ್ರಿಗಳನ್ನು ಮುಂದಿಟ್ಟುಕೊಂಡು, ಒಂದೆರಡು ಕುದುರೆ ಸಾಕುವವರು ಕಡಿಮೆ ಹಣದಲ್ಲಿ ಕಟ್ಟಬಹುದಾದ ಲಾಯಗಳನ್ನು ಇಲ್ಲಿ ವಿವರಿಸಿದೆ.

ಈ ಸೀಮೆಯ ಲಾಯದ ಮಟ್ಟಿಗೆ ಹಣ ಹಾಕಬೇಕಾದ ಕ್ರಮ ಸ್ಪಷ್ಟ: ಮೊದಲು ನೆಲ, ಆಮೇಲೆ ಚಾವಣಿ, ಉಳಿದರೆ ಗೋಡೆ. ಚಳಿದೇಶಗಳ ಚಿತ್ರ ನೋಡಿ ನಾಲ್ಕೂ ಕಡೆ ಗೋಡೆ ಎಬ್ಬಿಸಿ, ಮೇಲೆ ತಗಡು ಹಾಕಿ, ನೆಲವನ್ನು ಹಾಗೇ ಬಿಟ್ಟರೆ ಖರ್ಚು ಇಮ್ಮಡಿಯಾಗುತ್ತದೆ. ಕುದುರೆಯೂ ಬೇಸಿಗೆಯಲ್ಲಿ ಬೇಯುತ್ತದೆ, ಮಳೆಗಾಲದಲ್ಲಿ ಕೆಸರಲ್ಲಿ ನಿಲ್ಲುತ್ತದೆ.

ಹಿನ್ನೆಲೆ

ದಖ್ಖನದ ಈ ಭಾಗಕ್ಕೂ ಕುದುರೆಗೂ ನಂಟು ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ (12ನೆಯ ಶತಮಾನ) ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಲಿ ವಿನೋದಕ್ಕೆ ಪ್ರತ್ಯೇಕ ಪ್ರಕರಣವೇ ಇದೆ. ಬಹಮನಿ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಸಮುದ್ರ ದಾಟಿಸಿ ತಂದ ಒಂದು ಕುದುರೆಯನ್ನು ಮಾರಲು ಪಟ್ಟ ಪಾಡನ್ನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದೂ, ಇಲ್ಲಿಯವರು ಕುದುರೆಗೆ ಕಾಳು ಬೇಯಿಸಿ ಹಾಕುತ್ತಾರೆಂದೂ ಹೇಳುತ್ತಾನೆ. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ನುನಿಜ್ ಬರೆದಿದ್ದಾನೆ. ಪ್ರವಾಸಿಗಳ ಲೆಕ್ಕದಲ್ಲಿ ಉತ್ಪ್ರೇಕ್ಷೆ ಕಳೆದರೂ ಉಳಿಯುವ ಸಂಖ್ಯೆ ದೊಡ್ಡದೇ. ಇಷ್ಟೊಂದು ಕುದುರೆಗಳನ್ನು ಪ್ರತಿವರ್ಷ ಕೊಳ್ಳಬೇಕಾಗಿ ಬಂದದ್ದಕ್ಕೆ ಯುದ್ಧವೊಂದೇ ಕಾರಣವಲ್ಲ. ಅರಬಸ್ತಾನ, ಪರ್ಷಿಯಾಗಳ ಕುದುರೆ ಈ ಹವೆಯಲ್ಲಿ, ಈ ಆರೈಕೆಯಲ್ಲಿ ಬಹುಕಾಲ ಬಾಳುತ್ತಿರಲಿಲ್ಲ.

ಲಾಯ ಕಟ್ಟುವ ವಿಚಾರ ಶಾಸ್ತ್ರಗ್ರಂಥಗಳಲ್ಲೂ ಬರುತ್ತದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಅಶ್ವಾಧ್ಯಕ್ಷ ಪ್ರಕರಣವು ಶಾಲೆಯ ಅಗಲ ಕುದುರೆಯ ಉದ್ದದ ಎರಡರಷ್ಟಿರಬೇಕು, ನಾಲ್ಕು ದಿಕ್ಕಿಗೂ ಬಾಗಿಲಿರಬೇಕು, ಹೊರಳಾಡಲು ನಡುವೆ ಜಾಗ ಬೇಕು, ಗಂಜಲ ಲದ್ದಿ ಹೋಗಲು ದಾರಿ ಬೇಕು, ಕುದುರೆ ನಿಲ್ಲುವ ಜಾಗದ ಬಾಗಿಲು ಉತ್ತರಕ್ಕೋ ಪೂರ್ವಕ್ಕೋ ಇರಬೇಕು ಎಂದು ವಿಧಿಸುತ್ತದೆ. ಅಂಗಳದಲ್ಲಿ ಮಂಗ, ನವಿಲು, ಮುಂಗುಸಿಗಳನ್ನು ಸಾಕಬೇಕೆಂಬ ಮಾತನ್ನು ಬಿಟ್ಟರೆ ಉಳಿದದ್ದೆಲ್ಲ ಇಂದಿನ ಪಶುವೈದ್ಯರೂ ಒಪ್ಪುವ ಮಾತು.

ಸುರಪುರದ ನಾಯಕರ ಸಂಸ್ಥಾನಕ್ಕೆ ಸವಾರರ ಪಡೆ ಇತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಅಡಗಿದ ಮೇಲೆ ಸಂಸ್ಥಾನ ಅಳಿಯಿತು, ಪಡೆಯೂ ಚದುರಿತು. ಆಮೇಲೆ ಇಲ್ಲಿ ಕುದುರೆ ಉಳಿದದ್ದು ಗೌಡ, ದೇಸಾಯರ ವಾಡೆಗಳಲ್ಲಿ, ಜಟಕಾ ಗಾಡಿಗಳಲ್ಲಿ ಮತ್ತು ಕುರಿಗಾರರ ಹಿಂಡಿನ ಜತೆಯಲ್ಲಿ. ಇಂದು ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಡುವವರು, ಗಾಡಿ ಶರ್ಯತ್ತಿನ ಹುಚ್ಚಿನವರು, ಶೋಕಿಗಾಗಿ ಒಂದು ಮರಿ ತಂದು ಸಾಕಿದವರು ಕುದುರೆ ಇಟ್ಟುಕೊಂಡಿದ್ದಾರೆ. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷಕ್ಕೆ ಇಳಿದಿತ್ತು. 2012ರಲ್ಲಿ ಅದು 6 ಲಕ್ಷಕ್ಕೂ ಮೇಲಿತ್ತು. ಕುದುರೆ ಕಡಿಮೆಯಾದಂತೆ ಲಾಯ ಕಟ್ಟಬಲ್ಲವರೂ ಕಡಿಮೆಯಾದರು. ಈಗ ಗೌಂಡಿಗೆ ಲಾಯ ಕಟ್ಟು ಎಂದರೆ ಎಮ್ಮೆಯ ಶೆಡ್ಡನ್ನೇ ಕಟ್ಟಿಕೊಡುತ್ತಾನೆ.

ಭೀಮಾ ನದಿಯ ದಂಡೆಯ ಹೆಸರನ್ನೇ ಹೊತ್ತ ಭೀಮಥಡಿ ಕುದುರೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಮಹಾರಾಷ್ಟ್ರದ ಧನಗರ ಕುರಿಗಾರರು ಉಳಿಸಿಕೊಂಡು ಬಂದ ಈ ಗಿಡ್ಡ, ಗಟ್ಟಿಮುಟ್ಟಾದ ತಳಿಗೆ ಕೇಂದ್ರದ ತಳಿ ನೋಂದಣಿ ಸಿಕ್ಕಿದ್ದು ತೀರ ಇತ್ತೀಚೆಗೆ, 2023ರ ಸುಮಾರಿಗೆ. ಹೆಗಲಿನ ಹತ್ತಿರ ಅದರ ಎತ್ತರ ಸುಮಾರು 130 ಸೆಂ.ಮೀ. ವಲಸೆ ಕುರಿಗಾರರ ಕುದುರೆಗೆ ಲಾಯವೇ ಇಲ್ಲ. ಗೂಟಕ್ಕೆ ಕಟ್ಟಿದರೆ ಆಕಾಶದ ಕೆಳಗೇ ವರ್ಷ ಕಳೆಯುತ್ತದೆ. ಆದರೂ ಅದು ಆರೋಗ್ಯವಾಗಿರುವುದಕ್ಕೆ ದಿನಾ ಜಾಗ ಬದಲಾಗುವುದೇ ಮುಖ್ಯ ಕಾರಣ. ತನ್ನ ಲದ್ದಿಯ ಮೇಲೆ ತಾನೇ ನಿಲ್ಲುವ ಗತಿ ಅದಕ್ಕೆ ಬರುವುದಿಲ್ಲ. ಒಂದೇ ಜಾಗದಲ್ಲಿ ಕಟ್ಟಿದ ಕುದುರೆಗೆ ಆ ಅನುಕೂಲವನ್ನು ಕಟ್ಟಡದ ಮೂಲಕ ಒದಗಿಸಬೇಕು.

ಕುದುರೆಗೆ ಬೇಕಾದದ್ದು

ದನಕ್ಕೂ ಕುದುರೆಗೂ ವ್ಯತ್ಯಾಸಗಳಿವೆ, ಕೊಟ್ಟಿಗೆಯ ಲೆಕ್ಕ ಲಾಯಕ್ಕೆ ಹೊಂದುವುದಿಲ್ಲ. ಎತ್ತು ಮಲಗಿ ಮೆಲುಕು ಹಾಕುತ್ತದೆ. ಕುದುರೆ ನಿಂತೇ ತೂಕಡಿಸಿದರೂ ಗಾಢನಿದ್ರೆಗೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ನೆಲ ಒದ್ದೆ ಇದ್ದರೆ, ಜಾಗ ಇಕ್ಕಟ್ಟಾಗಿದ್ದರೆ ಮಲಗುವುದೇ ಇಲ್ಲ. ಗೋಡೆಗೆ ಒತ್ತಿ ಮಲಗಿದರೆ ಕಾಲು ಮಡಚಿ ಏಳಲಾಗದೆ ಒದ್ದಾಡಿ ಗಾಯ ಮಾಡಿಕೊಳ್ಳುತ್ತದೆ. ಆದ್ದರಿಂದ ಕಾಠಿಯಾವಾಡಿ, ಮಾರ್ವಾಡಿ ಗಾತ್ರದ ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಜಾಗ ರೂಢಿಯ ಅಳತೆ. ಭೀಮಥಡಿ ಅಥವಾ ತಟ್ಟು ಕುದುರೆಗೆ 10 ಅಡಿಗೆ 10 ಅಡಿ ಸಾಕು. ಬಾಗಿಲ ಅಗಲ 4 ಅಡಿಗೆ ಕಡಿಮೆಯಾಗಬಾರದು. ಕುದುರೆ ಹೆದರಿದಾಗ ತಲೆ ಎತ್ತಿ ಹಿಂಗಾಲ ಮೇಲೆ ಏಳುತ್ತದೆ, ಹಾಗಾಗಿ ತಗ್ಗಿನ ಬದಿಯಲ್ಲೂ ಚಾವಣಿ 9 ಅಡಿಯಾದರೂ ಇರಬೇಕು.

ಎರಡನೆಯದು ಗಾಳಿ. ಮುಚ್ಚಿದ ಲಾಯದಲ್ಲಿ ಗಂಜಲದಿಂದ ಏಳುವ ಅಮೋನಿಯಾ ಮತ್ತು ಹಳೆಯ ಮೇವಿನ ದೂಳು ಕುದುರೆಯ ಶ್ವಾಸಕೋಶಕ್ಕೆ ಸೇರಿ ತೀರದ ಕೆಮ್ಮು, ದಮ್ಮು ತರುತ್ತವೆ. ಒಳಗೆ ಕಾಲಿಟ್ಟಾಗ ಕಣ್ಣು ಉರಿದರೆ ಆ ಕಟ್ಟಡ ಕುದುರೆಗೆ ಯೋಗ್ಯವಲ್ಲ. ಯಾದಗಿರಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುವುದು ಸಾಮಾನ್ಯ. ಕುದುರೆ ಬೆವರಿ ಮೈ ತಂಪು ಮಾಡಿಕೊಳ್ಳುವ ಪ್ರಾಣಿ, ಗಾಳಿ ಆಡದಿದ್ದರೆ ಆ ಬೆವರು ಆರುವುದಿಲ್ಲ. ಚಳಿಗಾಲದ ರಾತ್ರಿಗಳಿಗೆ ಇಲ್ಲಿ ಯಾವ ಸಿದ್ಧತೆಯೂ ಬೇಡ. ಡಿಸೆಂಬರಿನ ಚಳಿ ನಮಗೆ ಕಂಬಳಿ ಹೊದಿಸಿದರೂ ಕುದುರೆಗೆ ಅದು ಹಿತದ ಹವೆ.

ಇವೆರಡರ ಜತೆ ಗಾಯದ ಭಯವೂ ಇದೆ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಬೇಗ ತುತ್ತಾಗುವುದರಲ್ಲಿ ಕುದುರೆಯೇ ಮುಂದು. ಹೊರಚಾಚಿದ ಮೊಳೆ, ತಗಡಿನ ಅಂಚು, ಬೈಂಡಿಂಗ್ ತಂತಿಯ ತುದಿ, ಇವು ಎಮ್ಮೆಯ ದಪ್ಪ ಚರ್ಮಕ್ಕೆ ಲೆಕ್ಕಕ್ಕಿಲ್ಲದವು. ಕುದುರೆಗೆ ಪ್ರಾಣಾಂತಿಕವಾಗಬಹುದು.

ಜಾಗ ಮತ್ತು ನೆಲ

ಈ ಜಿಲ್ಲೆಯಲ್ಲಿ ಕಟ್ಟಡವನ್ನು ಕೆಡಿಸುವುದು ಎರೆಮಣ್ಣು. ಕೃಷ್ಣಾ ಭೀಮಾ ನದಿಗಳ ನಡುವಿನ ಬಯಲಿನ ಬಹುಭಾಗ ಎರೆಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಅಡಿ ಎರಡಡಿ ಪಾಯ ತೆಗೆದು ಎಬ್ಬಿಸಿದ ಗೋಡೆ ಎರಡು ಮೂರು ವರ್ಷದೊಳಗೆ ಮೂಲೆಯಿಂದ ಸೀಳುತ್ತದೆ. ಲಾಯಕ್ಕೆ ಮೊದಲ ಆಯ್ಕೆ ಮಡ್ಡಿ. ಹೊಲದಲ್ಲಿ ಕಲ್ಲು ಗರಸಿನ ಎತ್ತರದ ಜಾಗ ಇದ್ದರೆ, ಅದು ಬಾವಿಗೆ ಇಪ್ಪತ್ತು ಹೆಜ್ಜೆ ದೂರವಾದರೂ ಅಲ್ಲೇ ಕಟ್ಟಬೇಕು. ಬೆಳೆ ಬಾರದ ನೆಲವೇ ಲಾಯಕ್ಕೆ ಬಂಗಾರ. ಯಾದಗಿರಿ, ಶಹಾಪುರಗಳ ಗುಡ್ಡದ ಬುಡದ ಊರುಗಳಲ್ಲಿ ಇಂಥ ಜಾಗ ಸುಲಭವಾಗಿ ಸಿಗುತ್ತದೆ.

ಎರೆಯಲ್ಲೇ ಕಟ್ಟಬೇಕಾಗಿ ಬಂದರೆ ದಾರಿಗಳಿವೆ. ಮೂರು ನಾಲ್ಕು ಅಡಿಗೆ ಮೊರಂ ಸಿಗುವಲ್ಲಿ ಅಲ್ಲಿಯವರೆಗೆ ಅಗೆದು ಕಂಬ ನಿಲ್ಲಿಸುವುದು ಸರಳ. ಎರೆ ಇನ್ನೂ ಆಳವಿದ್ದರೆ ಉದ್ದುದ್ದ ಗೋಡೆಯ ಆಸೆ ಬಿಟ್ಟು ಕಂಬದ ಶೆಡ್ಡಿಗೆ ಬರುವುದು ಲೇಸು. ನೆಲ ಅಲುಗಿದರೆ ಕಂಬ ತಗಡುಗಳೂ ಕೊಂಚ ಅಲುಗಿ ಹೊಂದಿಕೊಳ್ಳುತ್ತವೆ, ಗೋಡೆಯಂತೆ ಸೀಳುವುದಿಲ್ಲ. ಕಂಬದ ಗುಂಡಿಯನ್ನು ಅಗಲ ಮಾಡಿ, ಕಂಬದ ಸುತ್ತ ಅಗೆದ ಎರೆಯನ್ನು ತುಂಬದೆ ಮೊರಂ, ಕಲ್ಲು ತುಂಬಿ ಗಿಡಿಯಬೇಕು. ಎರೆಭೂಮಿಯ ಮನೆಗಳಿಗೆಂದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಪಾಯದ ಕಂಬಗಳೂ ಇವೆ. ಒಂದು ಕುದುರೆಯ ಶೆಡ್ಡಿಗೆ ಅಷ್ಟು ಬೇಕಾಗುವುದಿಲ್ಲ.

ಇನ್ನು ಕುದುರೆ ನಿಲ್ಲುವ ನೆಲ. ಸುತ್ತಲ ಭೂಮಿಗಿಂತ ಅಡಿ, ಒಂದೂವರೆ ಅಡಿ ಎತ್ತರದ ಕಟ್ಟೆ ಮಾಡಿ ಮೊರಂ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಬಡಿಯುವುದು ಎಲ್ಲಕ್ಕಿಂತ ಅಗ್ಗ, ಕುದುರೆಗೂ ಎಲ್ಲಕ್ಕಿಂತ ಹಿತ. ಲೆಕ್ಕ ಹೀಗಿದೆ: 14 ಅಡಿ ಚೌಕದ ಕಟ್ಟೆಗೆ ಒಂದು ಅಡಿ ಎತ್ತರ ತುಂಬಲು 196 ಘನ ಅಡಿ, ಅಂದರೆ ಎರಡು ಬ್ರಾಸ್ ಮೊರಂ. ಬಡಿದಾಗ ಕುಗ್ಗುವುದನ್ನು ಸೇರಿಸಿದರೆ ಎರಡೂವರೆ ಬ್ರಾಸ್ ತರಿಸಬೇಕು. ಅಂಚಿಗೆ ಕಾಡುಗಲ್ಲು ಅಥವಾ ಒಡೆದ ಪರಸಿ ಕೂರಿಸಿದರೆ ಕಟ್ಟೆ ಕರಗುವುದಿಲ್ಲ. ಹಿಂಬದಿಗೆ ಐದು ಅಡಿಗೆ ಒಂದಿಂಚಿನಷ್ಟು ಇಳಿಜಾರು ಕೊಟ್ಟು, ಗಂಜಲ ಹರಿದುಹೋಗಲು ಹೊರಗೆ ಒಂದು ಹರಿ ತೋಡಬೇಕು. ಮುಂಗಾಲಿಂದ ಕೆರೆದು ಗುಂಡಿ ಮಾಡುವ ಚಟ ಎಲ್ಲ ಕುದುರೆಗೂ ಇದೆ, ಮೇವು ತಡವಾದರಂತೂ ಹೇಳುವುದೇ ಬೇಡ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಗುಂಡಿಗಳಿಗೆ ಮೊರಂ ತುಂಬಿ ಮತ್ತೆ ಬಡಿಯುವ ಕೆಲಸ ತಪ್ಪದು.

ಪಕ್ಕದಲ್ಲೇ ಶಹಾಬಾದಿನ ಕಲ್ಲು ಸಿಗುವುದರಿಂದ ನೆಲಕ್ಕೂ ಪರಸಿ ಹಾಸುವ ಮನಸ್ಸಾಗುತ್ತದೆ. ಮನೆಗೆ ಅದು ಒಳ್ಳೆಯದು, ಲಾಯಕ್ಕೆ ಕೆಟ್ಟದ್ದು. ಗಂಜಲ ಬಿದ್ದ ನುಣುಪು ಪರಸಿಯ ಮೇಲೆ ಲಾಳ ಕಟ್ಟಿದ ಕಾಲು ಜಾರುತ್ತದೆ. ಜಾರಿ ಬಿದ್ದು ತೊಡೆ ಮೂಳೆ ಮುರಿದ ಕುದುರೆಯನ್ನು ಉಳಿಸುವುದು ದುಸ್ತರ. ಸಿಮೆಂಟ್ ನೆಲವೂ ಗಡಸು. ಅದರ ಮೇಲೆ ರಬ್ಬರ್ ಹಾಸು ಬೇಕು, ಆ ಹಾಸಿನ ಬೆಲೆಗೆ ಹತ್ತು ವರ್ಷ ಮೊರಂ ತರಿಸಬಹುದು. ಪರಸಿ ಇದ್ದೇ ಇದ್ದರೆ ಒರಟು ಮೈ ಮೇಲೆ ಮಾಡಿ ಬಾಗಿಲ ಮುಂದೆ, ನೀರು ಕುಡಿಯುವ ಕಡೆ ಮಾತ್ರ ಹಾಸಬಹುದು. ಅಲ್ಲಿ ಕೆಸರಾಗುವುದು ತಪ್ಪುತ್ತದೆ. ಹೆಂಡಿ ಸಾರಿಸಿದ ಮಣ್ಣಿನ ನೆಲ ಕುದುರೆಯ ಗೊರಸಿನ ಕೆಳಗೆ ಒಂದು ವಾರವೂ ನಿಲ್ಲುವುದಿಲ್ಲ.

ಒದ್ದೆ ನೆಲದ ಫಲ ಮೊದಲು ಕಾಣುವುದು ಗೊರಸಿನ ಅಡಿಯಲ್ಲಿ. ಅಲ್ಲಿನ ಮೆತ್ತನೆಯ ಭಾಗ ಕಪ್ಪಾಗಿ ಕೊಳೆತು ನಾರುತ್ತದೆ, ಕುದುರೆ ಕುಂಟುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಲಾಳ ಕಟ್ಟುವವನ ಬಳಿ ಬರುವ ತೊಂದರೆಗಳಲ್ಲಿ ಇದು ಮಾಮೂಲು. ಔಷಧಿಯ ಖರ್ಚಿಗಿಂತ ಎರಡು ಬ್ರಾಸ್ ಮೊರಂ ಯಾವತ್ತೂ ಅಗ್ಗ.

ಹಾಸಿಗೆಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ನಾರಾಯಣಪುರ ಜಲಾಶಯದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರ ಭಾಗದಲ್ಲಿ ನೆಲ್ಲು ಹೇರಳ. ಯಂತ್ರದಿಂದ ಕೊಯ್ದ ಗದ್ದೆಗಳಲ್ಲಿ ಹುಲ್ಲನ್ನು ಎಷ್ಟೋ ಕಡೆ ಸುಟ್ಟೇ ಬಿಡುತ್ತಾರೆ. ಅದನ್ನು ಹೊತ್ತು ತರುವ ಕೂಲಿ ಕೊಟ್ಟರೆ ವರ್ಷದ ಹಾಸಿಗೆ ಸಿಕ್ಕಂತೆ. ಬೂಸ್ಟು ಹಿಡಿದ ಹುಲ್ಲು ಮಾತ್ರ ಬೇಡ. ಮರಳಿನ ಹಾಸಿಗೆ ತಂಪು, ಆದರೆ ಮರಳ ಮೇಲೆ ಚೆಲ್ಲಿದ ಮೇವನ್ನು ಆಯ್ದು ತಿಂದ ಕುದುರೆಯ ಕರುಳಲ್ಲಿ ಮರಳು ಸೇರಿ ಹೊಟ್ಟೆನೋವು ಬರುತ್ತದೆ.

ಚಾವಣಿ

ಎಲ್ಲಕ್ಕಿಂತ ಅಗ್ಗದ ಚಾವಣಿ ಬೇವಿನ ಮರ. ಬೇಸಿಗೆಯ ಹಗಲಿಗೆ ದೊಡ್ಡ ಬೇವು ಅಥವಾ ಹುಣಸೆಯ ನೆರಳು ಯಾವ ತಗಡಿಗಿಂತಲೂ ತಂಪು. ಲಾಯವನ್ನು ಮರದ ಪೂರ್ವಕ್ಕೆ ಕಟ್ಟಿದರೆ ಮಧ್ಯಾಹ್ನದ ಮೇಲಿನ ಬಿಸಿಲನ್ನು ಮರವೇ ತಡೆಯುತ್ತದೆ. ಮರಕ್ಕೇ ಕುದುರೆ ಕಟ್ಟುವುದಾದರೆ ಕಾಂಡಕ್ಕೆ ಗೋಣಿ ಸುತ್ತಬೇಕು, ಇಲ್ಲವಾದರೆ ತೊಗಟೆ ಕಡಿದು ಮರವನ್ನೇ ಒಣಗಿಸುತ್ತದೆ. ಗುಡುಗು ಸಿಡಿಲಿನ ಮೇ ತಿಂಗಳ ಸಂಜೆಗಳಲ್ಲಿ ಒಂಟಿ ಮರದ ಬುಡ ಅಪಾಯದ ಜಾಗ, ಆದ್ದರಿಂದ ಮರವಿದ್ದರೂ ಒಂದು ಚಾವಣಿ ಬೇಕು.

ಹಳೆಯ ವಾಡೆಗಳ ಲಾಯಗಳಿಗಿದ್ದದ್ದು ಮಣ್ಣಿನ ಮಾಳಿಗೆ. ತೊಲೆ, ಜಂತಿ, ಮೇಲೆ ಪರಸಿ ಅಥವಾ ಕಟ್ಟಿಗೆ, ಅದರ ಮೇಲೆ ಗೇಣುದ್ದ ಮಣ್ಣು. ಒಳಗಿನ ತಂಪಿಗೆ ಅದಕ್ಕೆ ಸಾಟಿ ಇಲ್ಲ. ಇಂದು ಹೊಸದಾಗಿ ಮಾಡಿಸಹೋದರೆ ತೊಲೆಯ ಬೆಲೆಯೇ ಕೈಮೀರುತ್ತದೆ. ಬಿಟ್ಟುಹೋದ ಹಳೆಯ ಮಾಳಿಗೆ ಮನೆ ಇದ್ದು, ಎತ್ತರವೂ ಬಾಗಿಲೂ ಸಾಕಷ್ಟಿದ್ದರೆ, ಅದನ್ನೇ ರಿಪೇರಿ ಮಾಡಿ ಕುದುರೆ ಕಟ್ಟುವುದು ಜಾಣತನ. ಆದರೆ ಅಂಥ ಮನೆಗಳ ಬಾಗಿಲು ಹೆಚ್ಚಾಗಿ ಗಿಡ್ಡ, ಬೆಳಕಿಂಡಿಯೂ ಇರುವುದಿಲ್ಲ. ಗೋಡೆಯಲ್ಲಿ ಕುದುರೆಯ ಬೆನ್ನಿಗಿಂತ ಎತ್ತರದಲ್ಲಿ ಎರಡು ಕಿಂಡಿ ಒಡೆಸದೆ ಒಳಗೆ ಕಟ್ಟಬಾರದು.

ಇಂದಿನ ಮಾಮೂಲು ಚಾವಣಿ ತಗಡು. ಪತ್ರಾಸಿನ ಶೆಡ್ಡು ಎಂದು ಊರೂರಲ್ಲಿ ಕರೆಯುವುದು ಇದನ್ನೇ. ಒಂದು ಕುದುರೆಯ 12 ಅಡಿ ಚೌಕದ ಶೆಡ್ಡಿಗೆ ಆರು ಕಂಬ ಸಾಕು, ಮುಂದೆ ಮೂರು, ಹಿಂದೆ ಮೂರು. ನಡುಗಂಬ ಮುಂಬದಿಗೆ ಬಂದರೆ ಎರಡೂ ಕಡೆ ಆರಾರು ಅಡಿ ದಾರಿ ಉಳಿಯುತ್ತದೆ. ಮುಂದಿನ ಎತ್ತರ ಹನ್ನೊಂದೂವರೆ ಅಡಿ, ಹಿಂದಿನದು ಒಂಬತ್ತು. ಮೂರಡಿ ಅಗಲ ಮುಚ್ಚುವ, 16 ಅಡಿ ಉದ್ದದ ಐದು ತಗಡು ಹಾಕಿದರೆ ಎರಡು ಪಕ್ಕಕ್ಕೆ ಒಂದೂವರೆ ಅಡಿ, ಹಿಂದಕ್ಕೆ ಒಂದಡಿ, ಮುಂದಕ್ಕೆ ಎರಡೂವರೆ ಅಡಿ ಚಾಚು ಸಿಗುತ್ತದೆ. ಕಂಬಕ್ಕೆ ಮೂರಿಂಚಿನ ಹಳೆಯ ಕಬ್ಬಿಣದ ಪೈಪು ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತದೆ. ಜಾಲಿ, ಬೇವಿನ ಕಂಬವಾದರೆ ಮಣ್ಣಲ್ಲಿ ಹೂಳುವ ಭಾಗವನ್ನು ಹೊರಮೈ ಕರಿಯಾಗುವವರೆಗೆ ಸುಟ್ಟು ನೆಡುವುದು ಗೆದ್ದಲಿಗೆ ಹಳೆಯ ಉಪಾಯ. ಕುದುರೆಯ ಬಾಯಿಗೆ ಎಟಕುವಲ್ಲಿ ಡಾಂಬರು, ಕರಿ ಎಣ್ಣೆ ಬಳಿಯಬಾರದು, ನೆಕ್ಕುತ್ತದೆ.

ತಗಡಿನ ದೋಷ ಎಲ್ಲರಿಗೂ ಗೊತ್ತಿರುವುದೇ: ಮಧ್ಯಾಹ್ನ ಅದು ಕಾದ ಹಂಚು. ಇದಕ್ಕೆ ಮೂರು ಅಗ್ಗದ ಪರಿಹಾರಗಳು ಬಳಕೆಯಲ್ಲಿವೆ. ತಗಡಿನ ಮೇಲ್ಮೈಗೆ ಪ್ರತಿ ಫೆಬ್ರವರಿಯಲ್ಲಿ ಸುಣ್ಣ ಬಳಿಯುವುದು ಒಂದು. ಮಳೆಗೆ ತೊಳೆದುಹೋಗುತ್ತದೆ, ಅಷ್ಟರಲ್ಲಿ ಅದರ ಕೆಲಸವೂ ಮುಗಿದಿರುತ್ತದೆ. ತಗಡಿನ ಕೆಳಗೆ ಅರ್ಧ ಅಡಿ ಬಿಟ್ಟು ತೊಗರಿ ಕಟ್ಟಿಗೆಯ ತಟ್ಟಿ ಕಟ್ಟುವುದು ಇನ್ನೊಂದು. ಆ ಸಂದಿಯಲ್ಲಿ ಗಾಳಿ ಆಡಿ ಕೆಳಗೆ ಕಾವು ಇಳಿಯುವುದಿಲ್ಲ. ತಗಡಿನ ಮೇಲೆ ನೆಲ್ಲು ಹುಲ್ಲು ಹೊದಿಸಿ ಹಗ್ಗ ಬಿಗಿಯುವುದು ಮೂರನೆಯದು, ಇದು ಎಲ್ಲಕ್ಕಿಂತ ತಂಪು, ಬೆಂಕಿಯ ಭಯವೂ ಎಲ್ಲಕ್ಕಿಂತ ಹೆಚ್ಚು. ಜೋಳದ ಕಣಿಕಿಯನ್ನು ಮಾತ್ರ ತಗಡಿನ ಕೆಳಗಡೆ ಕಟ್ಟುವಂತಿಲ್ಲ. ಕುದುರೆ ಮೊದಲ ರಾತ್ರಿಯೇ ಚಾವಣಿಯನ್ನು ತಿನ್ನಲು ಶುರುಮಾಡುತ್ತದೆ.

ಮುಂಗಾರಿಗೆ ಮುಂಚಿನ ಬಿರುಗಾಳಿ ಪ್ರತಿವರ್ಷ ಈ ಭಾಗದಲ್ಲಿ ತಗಡು ಹಾರಿಸುತ್ತದೆ. ತಗಡಿನ ಮೇಲೆ ಕಲ್ಲು ಹೇರುವ ರೂಢಿಯನ್ನು ಲಾಯದಲ್ಲಿ ಬಿಡಲೇಬೇಕು. ಗಾಳಿಗೆ ತಗಡು ಎದ್ದರೆ ಆ ಕಲ್ಲು ಕುದುರೆಯ ತಲೆಯ ಮೇಲೇ ಬೀಳುತ್ತದೆ. ತಗಡನ್ನು ಪ್ರತಿ ಅಡ್ಡಪಟ್ಟಿಗೂ ಜೆ-ಬೋಲ್ಟಿನಿಂದ ಬಿಗಿದು, ಪಟ್ಟಿಯನ್ನು ಕಂಬಕ್ಕೆ ಕಬ್ಬಿಣದ ಪಟ್ಟಿಯಿಂದ ಕಟ್ಟಿದರೆ ಸಾಕು. ಬೋಲ್ಟಿನ ಹಣ ಉಳಿಸಿದವರು ಮರುವರ್ಷ ತಗಡಿನ ಹಣ ಕೊಡುತ್ತಾರೆ.

ಗೋಡೆ, ಬೇಲಿ

ನೈಋತ್ಯದ ಮುಂಗಾರು ಗಾಳಿಯೂ ಮಧ್ಯಾಹ್ನದ ಬಿಸಿಲೂ ಪಶ್ಚಿಮದ ಕಡೆಯಿಂದಲೇ ಬರುವುದರಿಂದ ಆ ಬದಿಯೊಂದನ್ನು ಮುಚ್ಚಿದರೆ ಮುಕ್ಕಾಲು ಕೆಲಸ ಮುಗಿಯಿತು. ಪೂರ್ವ ತೆರೆದಿದ್ದರೆ ಬೆಳಗಿನ ಬಿಸಿಲು ಒಳಗೆ ಬಿದ್ದು ನೆಲ ಒಣಗುತ್ತದೆ. ಪಶ್ಚಿಮಕ್ಕೆ ಪೂರ್ತಿ, ದಕ್ಷಿಣಕ್ಕೆ ಅರ್ಧ ಗೋಡೆ, ಉಳಿದದ್ದು ಬರೀ ಅಡ್ಡಗಂಬಿ. ಮಳೆ ಕಮ್ಮಿಯಾದ, ಬಿಸಿಲು ಜಾಸ್ತಿಯಾದ ಈ ನಾಡಿಗೆ ಇದು ಹೊಂದುವ ಲಾಯ.

ಗೋಡೆಗೆ ಕಾಡುಗಲ್ಲು ಮಣ್ಣು ಬಳಸಿ ಒಂದೂವರೆ ಅಡಿ ದಪ್ಪಕ್ಕೆ ಕಟ್ಟುವುದು ಕೂಲಿ ಮಾಡಬಲ್ಲ ಮನೆಯವರಿಗೆ ಬಹುತೇಕ ಪುಕ್ಕಟೆ. ಹೊಲದಿಂದ ಆಯ್ದ ಕಲ್ಲೇ ಬೇಕಾದಷ್ಟಿರುತ್ತದೆ. ಮಡ್ಡಿಯ ಮೇಲೆ ಮಾತ್ರ ಈ ಗೋಡೆ ನಿಲ್ಲುತ್ತದೆ. ಶಹಾಬಾದ, ಚಿತ್ತಾಪುರ ಕಡೆ ದಪ್ಪ ಪರಸಿಗಳನ್ನೇ ಸಾಲಾಗಿ ನೆಟ್ಟು ಆವರಣ ಮಾಡುವ ಪದ್ಧತಿ ಇದೆ. ಅಂಗಳದ ಬೇಲಿಗೆ ಅದು ಒಳ್ಳೆಯದೇ, ಮೇಲಂಚು ಮಾತ್ರ ಚೂಪಾಗಿರುತ್ತದೆ. ಅಂಚನ್ನು ಮಟ್ಟಸ ಮಾಡಿ ಮೇಲೊಂದು ಮರದ ಅಡ್ಡಪಟ್ಟಿ ಕೂರಿಸದೆ ಕುದುರೆ ಬಿಡಬಾರದು. ತೊಗರಿ ಅಥವಾ ಹತ್ತಿ ಕಟ್ಟಿಗೆ ಹೆಣೆದು ಮಣ್ಣು ಮೆತ್ತಿದ ತಟ್ಟಿಗೋಡೆಯೂ ನಡೆಯುತ್ತದೆ. ಕುದುರೆ ಮೈಯುಜ್ಜಿ ಅದನ್ನು ಕೆಡವದಂತೆ ಒಳಗಡೆ ಎದೆಮಟ್ಟಕ್ಕೆ ಎರಡು ಗಳ ಅಡ್ಡ ಕಟ್ಟಬೇಕು.

ಬೇಡವಾದವೂ ಇವೆ. ತಗಡಿನ ಗೋಡೆಯನ್ನು ನೆಲದವರೆಗೆ ಇಳಿಸಬಾರದು. ಕುದುರೆ ಒದ್ದಾಗ ತಗಡು ತೂತಾಗಿ, ಕಾಲು ಹಿಂದೆಗೆದುಕೊಳ್ಳುವಾಗ ಮೂಳೆಯವರೆಗೆ ಸೀಳುತ್ತದೆ. ತಗಡು ಐದಡಿಯಿಂದ ಮೇಲಿರಲಿ, ಕೆಳಗೆ ಕಲ್ಲೋ ಹಲಗೆಯೋ ಇರಲಿ. ಮುಳ್ಳುತಂತಿಯನ್ನಂತೂ ಕುದುರೆ ಇರುವ ಕಡೆ ತರಲೇಬಾರದು. ಬೇಲಿಗೆ ಕಣಗಿಲೆ ಹಚ್ಚುವ ಅಭ್ಯಾಸವೂ ಇಲ್ಲಿ ಪ್ರಾಣಕ್ಕೆ ಎರವು. ಅದರ ಕೆಲವೇ ಎಲೆ ಕುದುರೆಯನ್ನು ಕೊಲ್ಲಬಲ್ಲವು, ಒಣಗಿದ ಎಲೆಯಲ್ಲೂ ವಿಷ ಹೋಗುವುದಿಲ್ಲ. ಹರಳು ಗಿಡವೂ ಕುದುರೆಗೆ ವಿಷ, ಬೇಲಿಗೆ ಬೇಡ.

ಗೋದಲಿ, ನೀರು, ಮೇವಿನ ಮನೆ

ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡ ಸೀಳಿ, ಅಂಚನ್ನು ಉಜ್ಜಿ ನುಣುಪು ಮಾಡಿ ಕಟ್ಟಿದರೆ ಗೋದಲಿಯಾಯಿತು. ರಾಸಾಯನಿಕ ತುಂಬಿದ್ದ ಡ್ರಮ್ಮು ಮಾತ್ರ ಬೇಡ. ಕಾಳಿಗೆ ಎದೆಮಟ್ಟ, ಮೇವಿಗೆ ಅದಕ್ಕೂ ತಗ್ಗು ಇದ್ದರೆ ಒಳ್ಳೆಯದು. ತಲೆ ತಗ್ಗಿಸಿ ತಿನ್ನುವುದು ಕುದುರೆಯ ಸ್ವಭಾವ, ದೂಳೂ ಮೂಗಿಗೆ ಹೋಗುವುದಿಲ್ಲ. ದೊಡ್ಡ ಕುದುರೆ ದಿನಕ್ಕೆ 30–40 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ, ದುಡಿಮೆಯಲ್ಲಿ ಇನ್ನೂ ಹೆಚ್ಚು. ಹಳೆಯ ಕಲ್ಲಿನ ದೋಣಿ ನೆರಳಿನಲ್ಲಿದ್ದರೆ ಅದಕ್ಕಿಂತ ಉತ್ತಮ ತೊಟ್ಟಿ ಇಲ್ಲ. ಜಾತ್ರೆ, ಮೆರವಣಿಗೆಗಳಿಗೆ ಬಂದ ಹೊರಗಿನ ಕುದುರೆಗೆ ಅದೇ ದೋಣಿಯಲ್ಲಿ ಕುಡಿಸಬಾರದು. ಮುಖ್ಯವಾಗಿ ಹಂಚಿಕೊಂಡ ನೀರು, ಗೋದಲಿಗಳಿಂದ ಹರಡುವ ಗ್ಲ್ಯಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ. ಅದಕ್ಕೆ ಲಸಿಕೆ ಇಲ್ಲ, ಸೋಂಕು ಖಚಿತವಾದ ಕುದುರೆಯನ್ನು ಕಾನೂನಿನಂತೆ ಕೊಲ್ಲಲಾಗುತ್ತದೆ.

ಕುದುರೆಯನ್ನು ಎತ್ತು ಎಮ್ಮೆಗಳ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಕಟ್ಟುವುದು ಹೊಸ ಕಟ್ಟಡಕ್ಕಿಂತ ಅಗ್ಗ. ಹಲವರು ಹಾಗೇ ಮಾಡುತ್ತಾರೆ. ನಡುವೆ ಗಟ್ಟಿಯಾದ ಅಡ್ಡಗಂಬಿ ಇದ್ದು, ನೆಲ ಒಣಗಿದ್ದು, ಗಾಳಿ ಬರುತ್ತಿದ್ದರೆ ತಪ್ಪೇನಿಲ್ಲ. ಆದರೆ ಮೇವು ಬೇರೆಯಾಗಿರಬೇಕು. ದನ, ಕೋಳಿಗಳ ಸಿದ್ಧ ಆಹಾರದಲ್ಲಿ ಕೆಲವೊಮ್ಮೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ವಿಷ. ಎಳೆಯ ಹಸಿ ಜೋಳವನ್ನು ದಿನಗಟ್ಟಲೆ ತಿಂದರೆ ಮೂತ್ರಕೋಶ ಕೆಟ್ಟು ಹಿಂಗಾಲು ಬಲಹೀನವಾಗುತ್ತದೆ. ಕಾಳಿನ ಮನೆಗೆ ಚಿಲಕವಲ್ಲ, ಬೀಗವೇ ಬೇಕು. ಬಿಚ್ಚಿಕೊಂಡ ಕುದುರೆ ಒಂದು ರಾತ್ರಿಯಲ್ಲಿ ಚೀಲ ಹುರುಳಿಗೆ ಬಾಯಿ ಹಾಕಿದರೆ ಹೊಟ್ಟೆಯುಬ್ಬರ, ಇಲ್ಲವೇ ಗೊರಸಿನೊಳಗಿನ ಉರಿಯೂತ ಬಂದು ಬದುಕುವುದೇ ಕಷ್ಟ.

ಬಣವೆ ಲಾಯಕ್ಕೆ ತಾಗಿ ಇರಬಾರದು. ಕಿಡಿ ಹಾರಿದರೆ ಕಟ್ಟಿದ ಕುದುರೆಯನ್ನು ಬಿಚ್ಚುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಂದೆಳೆತಕ್ಕೆ ಬಿಚ್ಚುವ ಗಂಟು ಹಾಕುವುದನ್ನು ಮನೆಯ ಮಕ್ಕಳಿಗೂ ಕಲಿಸಿರಬೇಕು. ಲದ್ದಿಯ ತಿಪ್ಪೆ ಗಾಳಿ ಬೀಸುವ ದಿಕ್ಕಿಗೆ, ಐವತ್ತು ಅಡಿಯಾಚೆ ಇದ್ದರೆ ನೊಣದ ಕಾಟ ಅಷ್ಟು ಕಡಿಮೆ. ಕಚ್ಚುವ ದೊಡ್ಡ ನೊಣಗಳು ಸರ್ರಾ ರೋಗ ಹರಡುತ್ತವೆ, ಕಾಲುವೆ ನೀರಿನ ಊರುಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಅವುಗಳ ಹಾವಳಿ ಹೆಚ್ಚು. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದು ಮುಚ್ಚಿದ ಲಾಯದಲ್ಲಿ ಕೆಮ್ಮು ತರುತ್ತದೆ, ತೆರೆದ ಶೆಡ್ಡಿನಲ್ಲಿ ಉಪಕಾರ ಮಾಡುತ್ತದೆ.

ಸರ್ಕಾರದ ನೆರವು

ಉದ್ಯೋಗ ಖಾತರಿ ಯೋಜನೆಯಡಿ ಗ್ರಾಮ ಪಂಚಾಯಿತಿಗಳ ಮೂಲಕ ದನದ ಕೊಟ್ಟಿಗೆ, ಕುರಿ ಮೇಕೆ ಶೆಡ್ಡು, ಕೋಳಿ ಶೆಡ್ಡು, ಹಂದಿ ಗೂಡುಗಳಿಗೆ ಹಣ ಸಿಗುತ್ತಿತ್ತು. ಆ ಯೋಜನೆಯ ಕಾಯ್ದೆಯ ಅನುಸೂಚಿಯಲ್ಲಿ ಹೆಸರಿಸಿದ ಈ ಪಟ್ಟಿಯಲ್ಲಿ ಕುದುರೆ ಇರಲಿಲ್ಲ. 2024ರ ಫೆಬ್ರವರಿ 21ರಂದು ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ತಿದ್ದುಪಡಿ ತಂದು, ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ಸಾಕಣೆಯ ಉದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಶೇ. 50ರಷ್ಟು ಬಂಡವಾಳ ಸಹಾಯಧನ ನೀಡಲು ಒಪ್ಪಿತು. ಅದು ಉದ್ಯಮ ಮಾಡುವವರಿಗೆ. ಮೆರವಣಿಗೆಯ ಒಂದು ಕುದುರೆ ಸಾಕಿ ಹೊಟ್ಟೆ ಹೊರೆಯುವವನ ನಾಲ್ಕು ತಗಡಿನ ಶೆಡ್ಡು ಈ ಎರಡೂ ಯೋಜನೆಗಳಿಗೆ ಸೇರಲಿಲ್ಲ. ಕೊಟ್ಟಿಗೆಗೆ ಕೊಡುವ ಹಣವನ್ನು ಅಂಥವರ ಲಾಯಕ್ಕೂ ಕೊಡುವುದು ನ್ಯಾಯ. ಅಲ್ಲಿಯವರೆಗೆ ಮೊರಂ ಹೊರಿಸುವ ಕೂಲಿಯೂ ತಗಡಿನ ಬೆಲೆಯೂ ಸಾಕಿದವನ ಕೈಯಿಂದಲೇ ಹೋಗಬೇಕು.